ಒಂದೇ ಗೆರೆಯಲ್ಲಿ ಸೂರ್ಯ: ರೇಡಿಯೊ ಜೋವ್ ಆರ್‌ಜೆ 1.1 ಕಿಟ್ ವಿಮರ್ಶೆ

ಮೊದಲೇ ಹೇಳಿಬಿಡಬೇಕಾದ ಮಾತು: ಆಕಾಶದ ರೇಡಿಯೊ ಸದ್ದು ಕೇಳಲು ನಾವೇ ಕಟ್ಟಿಕೊಳ್ಳುವ, ರೇಡಿಯೊ ಜೋವ್ ಯೋಜನೆಯ ಆರ್‌ಜೆ 1.1 ರಿಸೀವರ್ ಕಿಟ್ ಸುಮ್ಮನಿರುವ ಸೂರ್ಯನನ್ನು ತೋರಿಸುವುದಿಲ್ಲ. ಸಿಡಿಯುವ ಸೂರ್ಯನನ್ನು ಮಾತ್ರ ತೋರಿಸುತ್ತದೆ. ಬೆಳಗಾದೊಡನೆ ಸದ್ದಿನ ಮಟ್ಟ ತೋರುವ ಗ್ರಾಫಿನ ಗೆರೆ ಮೇಲೇರಿ ಸಂಜೆ ಇಳಿದೀತು ಎಂದು ಕಾದವರು, ಅದು ಏರದಿದ್ದಾಗ ಕಿಟ್ ಕೆಟ್ಟಿದೆ ಎಂದುಕೊಂಡು ಬಿಚ್ಚಿ ನೋಡುತ್ತಾರೆ. ಕೆಟ್ಟಿರುವುದಿಲ್ಲ. ಲೆಕ್ಕ ಹೀಗಿದೆ. ರೇಡಿಯೊ ಗದ್ದಲದ ಬಲವನ್ನು, ಅಷ್ಟೇ ಗದ್ದಲ ಮಾಡುವ ವಸ್ತು ಎಷ್ಟು ಬಿಸಿಯಿರಬೇಕು ಎಂದು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಈ ರಿಸೀವರ್ ಕೇಳುವ 20.1 ಮೆಗಾಹರ್ಟ್ಸ್‌ನಲ್ಲಿ ನಮ್ಮ ಆಕಾಶಗಂಗೆಯ ಗದ್ದಲವೇ ಸುಮಾರು 50,000 ಕೆಲ್ವಿನ್. ಸೂರ್ಯನ ಹೊರ ವಾತಾವರಣವಾದ ಕರೋನಾ ಹತ್ತು ಲಕ್ಷ ಕೆಲ್ವಿನ್ ಬಿಸಿಯಿದೆ ನಿಜ, ಆದರೆ ಸೂರ್ಯಬಿಂಬ ಆಕಾಶದಲ್ಲಿ ಹಿಡಿಯುವ ಜಾಗ ಅರ್ಧ ಡಿಗ್ರಿ ಮಾತ್ರ. ಕಿಟ್‌ನ ಎರಡು ಡೈಪೋಲ್‌ಗಳಿಗೆ (ಎರಡು ತೋಳಿನ ತಂತಿ ಆಂಟೆನಾಗಳಿಗೆ) ತಲೆಯ ಮೇಲಿನ ಆಕಾಶದ ದೊಡ್ಡ ಪಾಲು ಒಟ್ಟಿಗೇ ಕಾಣುತ್ತದೆ. ಅಷ್ಟಗಲದ ನೋಟದಲ್ಲಿ ಶಾಂತ ಸೂರ್ಯ ಸೇರಿಸುವುದು 40 ಕೆಲ್ವಿನ್ ಆಸುಪಾಸು. ಈ ತರಂಗಾಂತರದಲ್ಲಿ ಸೂರ್ಯ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು ಎಂದು ಅದನ್ನು ಎರಡು ಮೂರು ಪಟ್ಟು ಮಾಡಿಕೊಂಡರೂ 50,000ದ ಮುಂದೆ ಅದು ಲೆಕ್ಕಕ್ಕೇ ಬರದು.

ಸಿಡಿತದ ಮಾತೇ ಬೇರೆ. ಸೂರ್ಯಕಲೆಗಳ ಗುಂಪಿನಿಂದ ಎಲೆಕ್ಟ್ರಾನ್‌ಗಳ ಕಟ್ಟೊಂದು ಹೊರಕ್ಕೆ ಚಿಮ್ಮಿದಾಗ ಅದೇ ಆಂಟೆನಾದ ಗದ್ದಲ ಹಲವು ಲಕ್ಷ ಕೆಲ್ವಿನ್‌ಗೆ ಏರುತ್ತದೆ. ಆಗ ಸ್ಪೀಕರಿನಲ್ಲಿ ಕೇಳುವುದು ದಡಕ್ಕೆ ಬಂದು ಹಿಂದೆ ಸರಿಯುವ ಕಡಲಿನ ಅಲೆಯ ಸದ್ದು. ಆ ಸದ್ದಿಗಾಗಿ ಈ ಕಿಟ್ ಕಟ್ಟುವುದು ಸಾರ್ಥಕವೇ ಎಂಬುದು ಈ ವಿಮರ್ಶೆಯ ಪ್ರಶ್ನೆ. ಸಾರ್ಥಕ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಶ್ರಮದ ಮುಕ್ಕಾಲು ಪಾಲು ಆಂಟೆನಾಕ್ಕೂ ಜಾಗದ ಆಯ್ಕೆಗೂ ಹೋಗಬೇಕು, ರಿಸೀವರಿಗೆ ಕಾಲು ಪಾಲು ಸಾಕು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ.

ಯೋಜನೆಯ ಹೆಸರೇ ಹೇಳುವಂತೆ ಇದು ಮೂಲತಃ ಗುರುಗ್ರಹಕ್ಕಾಗಿ ಹುಟ್ಟಿದ್ದು. ನಾಸಾದ ವಿಜ್ಞಾನಿಗಳೂ ಶಿಕ್ಷಕರೂ ಸೇರಿ 1998ರಲ್ಲಿ ಆರಂಭಿಸಿದರು. ಗುರುಗ್ರಹದ ರೇಡಿಯೊ ಸದ್ದನ್ನು ಅಮೆರಿಕದ ವಿಜ್ಞಾನಿಗಳಾದ ಬರ್ಕ್ ಮತ್ತು ಫ್ರಾಂಕ್ಲಿನ್ 1955ರಲ್ಲಿ 22.2 ಮೆಗಾಹರ್ಟ್ಸ್‌ನಲ್ಲಿ ಕಂಡರು. ಜೋವ್‌ನ 20.1 ಅದರ ಪಕ್ಕದ್ದೇ. ರಾತ್ರಿ ಗುರುವನ್ನು ಕೇಳುವ ತಂತಿಗೆ ಹಗಲಲ್ಲಿ ಸೂರ್ಯ ಕೇಳುತ್ತಾನೆ. ಹಗಲಿನ ಕೆಲಸವನ್ನು ಕೈಪಿಡಿಯಲ್ಲಿ ಎರಡನೇ ಸ್ಥಾನದಲ್ಲಿ ಇಟ್ಟಂತೆ ಕಂಡರೂ, ಹೊಸಬರಿಗೆ ಸೂರ್ಯನೇ ಸುಲಭದ ಗುರಿ. ಗುರುವಿನ ಸದ್ದಿಗೆ ಗ್ರಹದ ಯಾವ ಮುಖ ನಮ್ಮ ಕಡೆಗಿದೆ, ಅಯೋ ಉಪಗ್ರಹ ಎಲ್ಲಿದೆ ಎಂದೆಲ್ಲ ನೋಡಿ ಕೂರಬೇಕು. ಸೂರ್ಯನಿಗೆ ಹಗಲು ಮತ್ತು ತಾಳ್ಮೆ ಇದ್ದರೆ ಸಾಕು.

ತಾಳ್ಮೆ ಎಂದದ್ದು ಬಾಯಿಮಾತಿಗಲ್ಲ. ಫ್ರಾನ್ಸಿನ ಖಗೋಳವಿಜ್ಞಾನಿ ಚಾರ್ಲ್ಸ್ ನಾರ್ಡ್‌ಮನ್ 1901ರ ಸೆಪ್ಟೆಂಬರ್ 19ರಂದು ಆಲ್ಪ್ಸ್‌ನ ಮೌಂಟ್ ಬ್ಲಾಂಕ್‌ನ ಹಿಮದ ಮೇಲೆ 175 ಮೀಟರ್ ತಂತಿ ಎಳೆದು ಸೂರ್ಯನನ್ನು ಕೇಳಲು ಯತ್ನಿಸಿದ. ಏನೂ ಸಿಗಲಿಲ್ಲ. ಆ ವರ್ಷ ಸೂರ್ಯಕಲೆಗಳು ತೀರಾ ಕಡಿಮೆಯಿದ್ದವು, ಅವನು ಕೇಳಿದ್ದೂ ಒಂದೇ ದಿನ. ಮುಂದಿನ 41 ವರ್ಷ ಯಾರೂ ಸೂರ್ಯನ ರೇಡಿಯೊ ಸದ್ದನ್ನು ಸೂರ್ಯನದೇ ಎಂದು ಖಚಿತವಾಗಿ ಗುರುತಿಸಲಿಲ್ಲ. 1942ರ ಫೆಬ್ರುವರಿ ಕೊನೆಯಲ್ಲಿ ಬ್ರಿಟನ್ ಸೇನೆಯ ವಿಮಾನನಾಶಕ ರೇಡಾರ್‌ಗಳು 4ರಿಂದ 6 ಮೀಟರ್ ತರಂಗಾಂತರದಲ್ಲಿ ಗದ್ದಲದಲ್ಲಿ ಮುಳುಗಿದವು. ಶತ್ರುವಿನ ಕೈವಾಡವೇ ಎಂದು ಪತ್ತೆ ಮಾಡಲು ಹೊರಟ ಸೇನೆಯ ವಿಜ್ಞಾನಿ ಜೆ. ಎಸ್. ಹೇ, ಗದ್ದಲದ ದಿಕ್ಕು ಸೂರ್ಯನನ್ನೇ ಹಿಂಬಾಲಿಸುತ್ತಿರುವುದನ್ನೂ ಆಗ ಸೂರ್ಯಬಿಂಬದ ನಡುವೆ ದೊಡ್ಡ ಕಲೆಗಳ ಗುಂಪು ಇರುವುದನ್ನೂ ಕಂಡುಕೊಂಡ. ಹೇ ಬಳಿ ಇದ್ದದ್ದು ಮೀಟರ್ ಅಲೆಗಳ ರಿಸೀವರು, ದಿಕ್ಕು ಹೇಳಬಲ್ಲ ಆಂಟೆನಾ. ಆರ್‌ಜೆ 1.1 ಇದರ ಮೊದಲರ್ಧವನ್ನು ಕೊಡುತ್ತದೆ, ಎರಡನೆಯದನ್ನು ಕೊಡುವುದಿಲ್ಲ. ಕಿಟ್‌ನ ಅತಿ ದೊಡ್ಡ ಕೊರತೆ ಇದೇ. ಕೆಳಗೆ ಮತ್ತೆ ಆ ವಿಷಯಕ್ಕೆ ಬರುತ್ತೇವೆ.

ರಿಸೀವರಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನೂರಕ್ಕೂ ಹೆಚ್ಚು ಬಿಡಿಭಾಗಗಳನ್ನು ಒಂದು ಬೋರ್ಡಿನ ಮೇಲೆ ಬೆಸುಗೆ ಹಾಕಿ ಕಟ್ಟಬೇಕು. ಆಂಟೆನಾದಿಂದ ಬಂದ ಸಂಕೇತವನ್ನು ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಿಗ್ಗಿಸುತ್ತದೆ. ಒಳಗೇ ಅಲೆ ಹುಟ್ಟಿಸುವ ಆಸಿಲೇಟರನ್ನೂ ಆ ಅಲೆಯನ್ನು ಸಂಕೇತದೊಡನೆ ಬೆರೆಸುವ ಮಿಕ್ಸರನ್ನೂ ಒಂದೇ ಪುಟ್ಟ ಐಸಿ ನೋಡಿಕೊಂಡು ಸಂಕೇತವನ್ನು ನೇರವಾಗಿ ಧ್ವನಿಗೆ ಇಳಿಸುತ್ತದೆ. ಸುಮಾರು 3.5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಫಿಲ್ಟರ್ ಕತ್ತರಿಸುತ್ತದೆ. ಇದನ್ನೇ ಡೈರೆಕ್ಟ್ ಕನ್ವರ್ಷನ್ ಎನ್ನುವುದು. ಆಸಿಲೇಟರಿನ ಎರಡೂ ಪಕ್ಕದ ಸಂಕೇತ ಒಳಬರುವುದರಿಂದ ಕೇಳುವ ಪಟ್ಟಿಯ ಅಗಲ ಸುಮಾರು 7 ಕಿಲೋಹರ್ಟ್ಸ್. ಮಾತು ಕೇಳುವ ರೇಡಿಯೊಗೆ ಇದು ದೋಷ. ಸೂರ್ಯನಿಗೆ ಲಾಭ, ಏಕೆಂದರೆ ಸೂರ್ಯನದು ಬರೀ ಗದ್ದಲ, ಪಟ್ಟಿ ಅಗಲವಾದಷ್ಟೂ ಗೆರೆ ಸ್ಥಿರ. ಈ ರಿಸೀವರಿನ ಇನ್ನೊಂದು ಗುಣ ಇನ್ನೂ ಮುಖ್ಯ: ಸದ್ದು ಜೋರಾದಾಗ ತಾನಾಗಿ ಧ್ವನಿಯ ಮಟ್ಟ ತಗ್ಗಿಸುವ ಏರ್ಪಾಡು ಇದರಲ್ಲಿ ಇಲ್ಲ. ಸಾಮಾನ್ಯ ಶಾರ್ಟ್‌ವೇವ್ ರೇಡಿಯೊ ಸಿಡಿತ ಬಂದಾಗ ತನ್ನನ್ನೇ ತಗ್ಗಿಸಿಕೊಂಡು ಅದನ್ನು ಮುಚ್ಚಿಹಾಕುತ್ತದೆ. ಇದು ಹಾಗೆ ಮಾಡದು.

ಕಟ್ಟುವಾಗ ತಪ್ಪುವುದು ಸಾಮಾನ್ಯವಾಗಿ ನಾಲ್ಕೈದು ಕಡೆ. ಫಿಲ್ಟರಿನ ಸಣ್ಣ ಇಂಡಕ್ಟರುಗಳು ನೋಡಲು ರೆಸಿಸ್ಟರ್‌ನಂತೆಯೇ ಬಣ್ಣದ ಪಟ್ಟಿ ಹೊತ್ತಿರುತ್ತವೆ. ಬೆಸುಗೆಗೆ ಮುನ್ನ ಎಲ್ಲವನ್ನೂ ಮೀಟರಿನಲ್ಲಿ ಅಳೆದು ಕಾಗದದ ಮೇಲೆ ಸಾಲಾಗಿ ಅಂಟಿಸಿಟ್ಟುಕೊಳ್ಳಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೈಮೇಲೆ ಗುರುತಿರುವುದು ಋಣ ತುದಿಗೆ, ಬೋರ್ಡಿನ ಮೇಲೆ ಗುರುತಿರುವುದು ಧನ ತುದಿಗೆ. ಇವೆರಡನ್ನೂ ಒಂದೇ ಎಂದುಕೊಂಡು ತಿರುವುಮುರುವು ಹಾಕುವವರೇ ಹೆಚ್ಚು. ವೋಲ್ಟೇಜನ್ನು ಸ್ಥಿರವಾಗಿಡುವ ಜೀನರ್ ಡಯೋಡ್ ತಿರುಗಿಬಿದ್ದರೆ ಮಿಕ್ಸರ್ ಐಸಿಗೆ ಒಂದು ವೋಲ್ಟ್‌ಗಿಂತ ಕಡಿಮೆ ಸಿಕ್ಕಿ ಆಸಿಲೇಟರ್ ಏಳುವುದೇ ಇಲ್ಲ. ಆಗ ಸ್ಪೀಕರಿನಲ್ಲಿ ಸಣ್ಣ ಹಿಸ್ ಇರುತ್ತದೆ, ಟ್ಯೂನಿಂಗ್ ತಿರುಗಿಸಿದರೆ ಏನೂ ಬದಲಾಗದು. ನೆಲಕ್ಕೆ ಹೋಗುವ ಕಾಲುಗಳ ಸುತ್ತ ತಾಮ್ರ ಹೆಚ್ಚಿರುವುದರಿಂದ ಅವು ಬಿಸಿಯನ್ನು ಹೀರಿಕೊಂಡು ಬೆಸುಗೆ ಒಣಗಿದಂತೆ ನಿಲ್ಲುತ್ತದೆ. ಅಲ್ಲಿ ಒಂದೆರಡು ಸೆಕೆಂಡು ಹೆಚ್ಚು ಬಿಸಿ ಕೊಡಿ.

ಶ್ರುತಿ ಮಾಡುವುದಕ್ಕೆ ಬೋರ್ಡಿನ ಮೇಲೆಯೇ 20 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ ಆಸಿಲೇಟರ್ ಇದೆ. ಇದು ಕಿಟ್‌ನ ಜಾಣತನ, ಬೇರೆ ಸಿಗ್ನಲ್ ಜನರೇಟರ್ ಬೇಕಿಲ್ಲ. ಜಂಪರ್ (ಎರಡು ಪಿನ್ನು ಜೋಡಿಸುವ ಪುಟ್ಟ ಕೊಂಡಿ) ಹಾಕಿ ಅದನ್ನು ಚಾಲೂ ಮಾಡಿ, ಟ್ಯೂನಿಂಗ್ ಗುಬ್ಬಿಯನ್ನು (ನಾಬ್) ಕೈಪಿಡಿ ಹೇಳಿದ ಜಾಗದಲ್ಲಿಟ್ಟು, ಆಸಿಲೇಟರಿನ ಕಾಯಿಲನ್ನು ನಿಧಾನವಾಗಿ ತಿರುಗಿಸಿ ಸಿಳ್ಳೆಯ ಸ್ವರ ಬರುವಲ್ಲಿ ನಿಲ್ಲಿಸಿ. ಆಮೇಲೆ ಮುಂಭಾಗದ ಟ್ರಿಮ್ಮರ್‌ಗಳನ್ನು (ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರುಗಳನ್ನು) ಸಿಳ್ಳೆ ಅತಿ ಜೋರಾಗುವಂತೆ ಹೊಂದಿಸಿ. ಎರಡು ಮೂರು ಸುತ್ತು ಮತ್ತೆ ಮತ್ತೆ ಮಾಡಬೇಕು, ಒಂದು ಇನ್ನೊಂದನ್ನು ಎಳೆಯುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಮಾತ್ರ ಬೇಡ. ಅದು ಕಾಯಿಲಿನೊಳಗೆ ಇದ್ದಾಗ ಒಂದು ಶ್ರುತಿ, ಹೊರತೆಗೆದಾಗ ಇನ್ನೊಂದು. ಪ್ಲಾಸ್ಟಿಕ್ ಕಡ್ಡಿಯೇ ಆಗಬೇಕು. ಮುಗಿದ ಮೇಲೆ ಜಂಪರನ್ನು ತೆಗೆಯಲು ಮರೆತರೆ ಆ ಸಿಳ್ಳೆ ದಿನವಿಡೀ ಗೆರೆಯೊಳಗೆ ಕೂತಿರುತ್ತದೆ.

ರಿಸೀವರು ಬಿಸಿಯೇರುತ್ತಾ ಆಸಿಲೇಟರು ಅಷ್ಟಿಷ್ಟು ಜಾರುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಸೂರ್ಯನ ಮಟ್ಟಿಗೆ ಇದು ದೂರೇ ಅಲ್ಲ. ಸಿಡಿತ ಹಲವು ಮೆಗಾಹರ್ಟ್ಸ್ ಅಗಲಕ್ಕೆ ಹರಡಿರುತ್ತದೆ, ಕೆಲವು ಕಿಲೋಹರ್ಟ್ಸ್ ಜಾರಿದರೆ ಏನೂ ಹೋಗದು. ತೊಂದರೆ ಆಗುವುದು ಜಾರಿ ಯಾವುದಾದರೂ ಪ್ರಸಾರ ಕೇಂದ್ರದ ಮೇಲೆ ಬಿದ್ದಾಗ. ಆದ್ದರಿಂದ ಅರ್ಧ ಗಂಟೆ ಮೊದಲೇ ಚಾಲೂ ಮಾಡಿ, ಬೆಚ್ಚಗಾದ ಮೇಲೆ ಎರಡೂ ಕಡೆ ಖಾಲಿ ಇರುವ ಜಾಗ ಹುಡುಕಿ ಗುಬ್ಬಿಯನ್ನು ಅಲ್ಲೇ ಬಿಡಿ. ಹೆಸರು 20.1 ಎಂದಿದ್ದ ಮಾತ್ರಕ್ಕೆ ಸರಿಯಾಗಿ ಅಲ್ಲೇ ಇರಬೇಕೆಂದಿಲ್ಲ.

ಇನ್ನು ಆಂಟೆನಾ. ಈ ಕಿಟ್‌ನ ಜೀವ ಇರುವುದು ಇಲ್ಲಿ. ಎರಡು ಅರ್ಧ ತರಂಗದ ಡೈಪೋಲ್‌ಗಳು, ಒಂದೊಂದೂ 7.09 ಮೀಟರ್. ಅಂದರೆ ನಡುವಿನ ಇನ್ಸುಲೇಟರಿನಿಂದ ಎರಡೂ ಕಡೆ 3.54 ಮೀಟರ್ ತಾಮ್ರದ ಹೆಣೆದ ತಂತಿ. ಗಂಟಿಗೆ ಸುತ್ತಿ ಬೆಸುಗೆ ಹಾಕಲು ಪ್ರತಿ ತುದಿಗೂ ಒಂದು ಗೇಣು ಹೆಚ್ಚು ಕತ್ತರಿಸಿಕೊಳ್ಳಿ, ಆದರೆ ಅಳೆಯುವುದು ಗಂಟು ಕಟ್ಟಿದ ಮೇಲೆ. ತಂತಿಗಳನ್ನು ಪೂರ್ವ ಪಶ್ಚಿಮವಾಗಿ ಕಟ್ಟಬೇಕು. ಒಂದಕ್ಕೊಂದು ಉತ್ತರ ದಕ್ಷಿಣವಾಗಿ 6.1 ಮೀಟರ್ ಅಂತರ. ನಾಲ್ಕು ಕಂಬ, ಎತ್ತರ 3 ಮೀಟರಿನಿಂದ 6 ಮೀಟರ್. ಸೂರ್ಯ ನಡುಹಗಲಲ್ಲಿ ನೆತ್ತಿಯ ಹತ್ತಿರ ಬರುವ ಜಾಗವಾದರೆ 3 ಮೀಟರ್ ಸಾಕು. ಕಾಲು ತರಂಗಾಂತರವಾದ 3.73 ಮೀಟರಿಗಿಂತ ತಗ್ಗಿನಲ್ಲಿ ಇರುವವರೆಗೆ ನೆಲದಿಂದ ಪ್ರತಿಫಲಿಸಿದ ಅಲೆ ನೆತ್ತಿಯ ಕಡೆಯ ನೋಟಕ್ಕೆ ಬಲ ಕೊಡುತ್ತದೆ. ಸೂರ್ಯ ತಗ್ಗಿನಲ್ಲಿ ಸಾಗುವ ಜಾಗದಲ್ಲಿ ಕಂಬ ಎತ್ತರಿಸಲೇಬೇಕು, ಜೊತೆಗೆ ನೋಟವನ್ನು ಬಾಗಿಸಬೇಕು.

ಬಾಗಿಸುವುದು ಕೇಬಲಿನಿಂದ. ಎರಡು ಡೈಪೋಲ್‌ಗಳಿಂದಲೂ ಸಮ ಉದ್ದದ 75 ಓಮ್ ಕೋಆಕ್ಸ್ ಕೇಬಲ್ (ಒಳತಂತಿಯ ಸುತ್ತ ಲೋಹದ ಹೊರಹೆಣಿಗೆ ಇರುವಂಥದು) ಬಂದು ಒಂದು ಕಂಬೈನರಿನಲ್ಲಿ ಕೂಡುತ್ತವೆ. ಗಟ್ಟಿ ಪಾಲಿಥೀನ್ ತುಂಬಿದ ಕೇಬಲಿನಲ್ಲಿ ಅಲೆಯ ವೇಗ ಬೆಳಕಿನ ಶೇಕಡಾ 66. ಹಾಗಾಗಿ ಒಂದು ಪೂರ್ಣ ತರಂಗ ಎಂದರೆ ಕೇಬಲಿನೊಳಗೆ 9.85 ಮೀಟರ್. ಒಂದು ಕಡೆಗೆ ಕಾಲು ತರಂಗ, ಅಂದರೆ 2.46 ಮೀಟರ್ ಹೆಚ್ಚುವರಿ ಕೇಬಲ್ ಸೇರಿಸಿದರೆ 90 ಡಿಗ್ರಿ ವಿಳಂಬ. 6.1 ಮೀಟರ್ ಅಂತರಕ್ಕೆ ಲೆಕ್ಕ ಹಾಕಿದರೆ ನೋಟ ನೆತ್ತಿಯಿಂದ ಸುಮಾರು 38 ಡಿಗ್ರಿ ಬಾಗುತ್ತದೆ. ನೆಲದ ಪ್ರತಿಫಲನ ಅದನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಸೇರಿಸಬೇಕಾದ್ದು ಯಾವ ಡೈಪೋಲ್‌ಗೆ? ಸೂರ್ಯ ಇರುವ ಕಡೆಯದಕ್ಕೆ. ಸೂರ್ಯನ ಅಲೆ ಮೊದಲು ತಲುಪುವುದು ಅದನ್ನೇ, ಅದನ್ನು ತಡೆದು ನಿಲ್ಲಿಸಿದರೆ ಇನ್ನೊಂದರ ಅಲೆ ಬಂದು ಜೊತೆಗೂಡುತ್ತದೆ. ತಿರುಗಾಮುರುಗಾ ಹಾಕಿದರೆ ಆಂಟೆನಾ ಸೂರ್ಯನಿಗೆ ಬೆನ್ನು ಹಾಕಿ ಕೂರುತ್ತದೆ, ಆದರೂ ಆಕಾಶಗಂಗೆಯ ಗದ್ದಲ ಹಾಗೇ ಬರುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬೀಳದ ತಪ್ಪು ಇದು, ಕಟ್ಟುವಾಗಲೇ ಎರಡು ಸಲ ನೋಡಿ.

ಇದೇ ಲೆಕ್ಕದಿಂದ ಇನ್ನೊಂದು ಎಚ್ಚರಿಕೆ. ಎರಡು ಕೇಬಲ್‌ಗಳಲ್ಲಿ ಒಂದು ಮೀಟರ್ ವ್ಯತ್ಯಾಸವಾದರೂ 36 ಡಿಗ್ರಿಯಷ್ಟು ವಿಳಂಬ ತಾನಾಗಿ ಸೇರಿಬಿಡುತ್ತದೆ. ಬೇರೆ ಬಗೆಯ ಕೇಬಲ್ ಕೊಂಡರೆ ವೇಗವೂ ಬೇರೆ. ನೊರೆ ತುಂಬಿದ ಟಿವಿ ಕೇಬಲಿನಲ್ಲಿ ಅಲೆ ಬೆಳಕಿನ ಶೇಕಡಾ 80ಕ್ಕೂ ಹೆಚ್ಚು ವೇಗದಲ್ಲಿ ಹೋಗುತ್ತದೆ, ಹಾಗಾಗಿ 9.85ರ ಅಳತೆ ಅದಕ್ಕೆ ಹೊಂದದು. ಒಂದು ಡೈಪೋಲ್‌ಗೆ ಒಂದು ಬಗೆ, ಇನ್ನೊಂದಕ್ಕೆ ಮತ್ತೊಂದು ಬಗೆ ಬಳಸುವುದಂತೂ ಕೂಡದು. ಎರಡು ಡೈಪೋಲ್‌ಗಳಲ್ಲೂ ಕೇಬಲಿನ ಒಳತಂತಿ ಒಂದೇ ದಿಕ್ಕಿನ ತೋಳಿಗೆ ಸೇರಿರಬೇಕು, ಎರಡರಲ್ಲೂ ಪೂರ್ವಕ್ಕೆ ಅಥವಾ ಎರಡರಲ್ಲೂ ಪಶ್ಚಿಮಕ್ಕೆ. ಒಂದು ತಿರುಗಿದರೆ 180 ಡಿಗ್ರಿ ವಿಳಂಬ, ನೆತ್ತಿಯ ಮೇಲೆ ಸರಿಯಾಗಿ ಕುರುಡು. ತೋಳಿಗೆ ಬಣ್ಣದ ಟೇಪ್ ಸುತ್ತಿ ಗುರುತಿಡುವುದು ಒಳ್ಳೆಯದು. ಕೇಬಲ್ ಡೈಪೋಲ್‌ಗೆ ಸೇರುವ ಜಾಗದಲ್ಲಿ ಕಿಟ್ ಕೊಡುವ ಫೆರೈಟ್ ಉಂಗುರಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ಕೇಬಲಿನ ಹೊರಮೈಯೇ ಆಂಟೆನಾ ಆಗಿ ಮನೆಯೊಳಗಿನ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ಸೇರಿಸಿದ ಜಾಗಕ್ಕೆ ನೀರು ನುಗ್ಗದಂತೆ ಮುಚ್ಚಿ. ಒಂದು ಮಳೆಗಾಲದಲ್ಲಿ ಹೊರಹೆಣಿಗೆ ಕಪ್ಪಾದರೆ ಕೇಬಲನ್ನೇ ಬದಲಿಸಬೇಕಾಗುತ್ತದೆ.

ತಂತಿಗಳು ಪೂರ್ವ ಪಶ್ಚಿಮವಾಗಿರುವುದರಿಂದ ಬೆಳಗ್ಗೆ ಸಂಜೆ ಸೂರ್ಯ ತಂತಿಯ ತುದಿಯ ನೇರಕ್ಕೆ ಬರುತ್ತಾನೆ. ಡೈಪೋಲ್‌ಗೆ ಆ ದಿಕ್ಕು ಬಹುತೇಕ ಕಾಣದು. ಕೆಲಸಕ್ಕೆ ಬರುವ ಹೊತ್ತು ಸೂರ್ಯ ನೆತ್ತಿಗೆ ಬರುವ ಮೂರು ತಾಸು ಮೊದಲು ಮತ್ತು ಮೂರು ತಾಸು ನಂತರ. ಅಷ್ಟೇ ಎಂದು ಬೇಸರಿಸಬೇಕಿಲ್ಲ, ದಿನಕ್ಕೆ ಆರು ತಾಸು ಒಳ್ಳೆಯ ದಾಖಲೆ ಸಿಕ್ಕರೆ ಬೇಕಾದಷ್ಟಾಯಿತು.

ಜಾಗದ ವಿಷಯದಲ್ಲಿ ರಾಜಿ ಮಾಡಿಕೊಂಡವರಿಗೆ ಈ ಕಿಟ್ ನಿರಾಸೆ ಮಾಡುತ್ತದೆ. ಎಲ್‌ಇಡಿ ದೀಪದ ಡ್ರೈವರುಗಳು, ಮೊಬೈಲ್ ಚಾರ್ಜರುಗಳು, ಸೋಲಾರ್ ಇನ್ವರ್ಟರುಗಳು, ಕಿಡಿ ಹಾರಿಸುವ ವಿದ್ಯುತ್ ಕಂಬದ ಇನ್ಸುಲೇಟರುಗಳು ಎಲ್ಲವೂ 20 ಮೆಗಾಹರ್ಟ್ಸ್‌ನಲ್ಲಿ ಕಿರುಚುತ್ತವೆ. ತಂತಿ ಕಟ್ಟುವ ಮೊದಲೇ ಬ್ಯಾಟರಿಯ ಶಾರ್ಟ್‌ವೇವ್ ರೇಡಿಯೊ ಹಿಡಿದು ಆ ಜಾಗದಲ್ಲಿ ಹಗಲೂ ರಾತ್ರಿಯೂ ಕೇಳಿ ನೋಡಿ. ರಿಸೀವರಿಗೆ 12 ವೋಲ್ಟಿನ ಬ್ಯಾಟರಿಯೇ ಉತ್ತಮ. ಅದು ಎಳೆಯುವುದು 100 ಮಿಲಿಆಂಪಿಯರಿಗೂ ಕಡಿಮೆ, 7 ಆಂಪಿಯರ್ ಅವರ್‌ನ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿದರೂ 35 ತಾಸು ಓಡುತ್ತದೆ. ಲ್ಯಾಪ್‌ಟಾಪನ್ನೂ ದಾಖಲಿಸುವಾಗ ಅದರ ಬ್ಯಾಟರಿಯ ಮೇಲೆಯೇ ನಡೆಸಿ, ಚಾರ್ಜರು ಪಕ್ಕದಲ್ಲಿದ್ದರೆ ಅದರ ಗುಂಯ್ ಸದ್ದು ಒಳಬರುತ್ತದೆ. ಗುಡುಗು ಮೋಡ ಕಂಡರೆ ಆಂಟೆನಾ ಕೇಬಲನ್ನು ಬಿಚ್ಚಿ ಮನೆಯ ಹೊರಗಿಡಬೇಕು. ಇದರಲ್ಲಿ ನಾಳೆ ನೋಡೋಣ ಎಂಬುದಿಲ್ಲ.

ಎಲ್ಲ ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಆಂಟೆನಾ ಕಳಚಿ ಆ ಜಾಗಕ್ಕೆ 75 ಓಮ್ ರೆಸಿಸ್ಟರ್ ಹಾಕಿ. ಅದರ ಗದ್ದಲ ಕೋಣೆಯ ಉಷ್ಣತೆಯದು, ಸುಮಾರು 290 ಕೆಲ್ವಿನ್. ಮತ್ತೆ ಆಂಟೆನಾ ಹಾಕಿದರೆ ಆಕಾಶಗಂಗೆಯ 50,000 ಕೆಲ್ವಿನ್. ಆದರ್ಶ ಲೆಕ್ಕದಲ್ಲಿ 22 ಡೆಸಿಬೆಲ್ ಏರಬೇಕು, ಕೇಬಲಿನ ನಷ್ಟ ಮತ್ತು ರಿಸೀವರಿನ ಸ್ವಂತ ಗದ್ದಲ ಕಳೆದರೂ ಏರಿಕೆ ಕಿವಿಗೆ ಸ್ಪಷ್ಟವಾಗಿ ಕೇಳಬೇಕು. ಕೇಳಲಿಲ್ಲವೆಂದರೆ ರಿಸೀವರನ್ನು ಬಿಡಿ, ಕನೆಕ್ಟರುಗಳನ್ನು ನೋಡಿ. ಒಳತಂತಿಗೆ ಹೊರಹೆಣಿಗೆಯ ಒಂದು ಎಳೆ ತಗುಲಿಕೊಂಡಿರುವುದೇ ಹೆಚ್ಚು. ಏರಿಕೆ ಬಂತು, ಆದರೆ ಅದು ಆಕಾಶದ್ದೋ ಬೀದಿಯದ್ದೋ ಎಂಬ ಅನುಮಾನವೇ? ಒಂದು ವಾರ ಹಗಲೂ ರಾತ್ರಿಯೂ ದಾಖಲಿಸಿ. ಆಕಾಶಗಂಗೆಯ ಏರಿಳಿತ ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತಾ ಹೋಗುತ್ತದೆ. ಬೀದಿ ದೀಪ ಹಾಗೆ ಮಾಡದು.

ದಾಖಲಿಸುವ ತಂತ್ರಾಂಶ ಸ್ಕೈಪೈಪ್. ರಿಸೀವರಿನ ಧ್ವನಿಯನ್ನು ಸೌಂಡ್ ಕಾರ್ಡಿನ ಮೂಲಕ ತೆಗೆದುಕೊಂಡು ಹಳೆಯ ಪೇಪರ್ ಚಾರ್ಟ್‌ನಂತೆ ಗೆರೆ ಎಳೆಯುತ್ತದೆ. ಇಲ್ಲಿ ಕಂಪ್ಯೂಟರೇ ಶತ್ರು. ಮೈಕ್ ಬೂಸ್ಟ್, ಗದ್ದಲ ಕಡಿಮೆ ಮಾಡುವ ಸೌಕರ್ಯ, ಸದ್ದನ್ನು ತಾನಾಗಿ ಹೊಂದಿಸುವ ಸೌಕರ್ಯ ಎಲ್ಲವನ್ನೂ ಆಫ್ ಮಾಡಿ. ಗದ್ದಲವೇ ನಮಗೆ ಬೇಕಾದ್ದು, ಕಂಪ್ಯೂಟರು ಅದನ್ನು ಕಸ ಎಂದು ಗುಡಿಸಿಹಾಕುತ್ತದೆ. ಹಿನ್ನೆಲೆಯ ಗೆರೆಯನ್ನು ಪೂರ್ಣ ಅಳತೆಯ ಹತ್ತನೇ ಒಂದು ಭಾಗದಲ್ಲಿ ಇಟ್ಟು ವಾಲ್ಯೂಮ್ ಗುಬ್ಬಿಗೆ ಟೇಪ್ ಅಂಟಿಸಿ, ಮತ್ತೆ ಮುಟ್ಟಬೇಡಿ. ಹಿನ್ನೆಲೆಯನ್ನು ನಡುವಿಗೆ ತಂದಿಟ್ಟರೆ ದೊಡ್ಡ ಸಿಡಿತ ಚಪ್ಪಟೆ ತಲೆಯ ಮೇಜಿನಂತೆ ಕತ್ತರಿಸಿಹೋಗುತ್ತದೆ. ಧ್ವನಿಯ ಮಟ್ಟ ವೋಲ್ಟೇಜಿನ ಅಳತೆ, ಶಕ್ತಿ ಅದರ ವರ್ಗ ಎಂಬುದೂ ನೆನಪಿರಲಿ. ವೋಲ್ಟೇಜಿನ ಗೆರೆ ಮೂರು ಪಟ್ಟಾದರೆ ಸಿಡಿತದ ಶಕ್ತಿ ಹಿನ್ನೆಲೆಗಿಂತ ಒಂಬತ್ತು ಪಟ್ಟಾಗಿದೆ. ಗಡಿಯಾರವನ್ನು ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿ, ದಾಖಲೆಯನ್ನು ವಿಶ್ವಸಮಯದಲ್ಲೇ (ಯುಟಿಸಿ) ಇಡಿ. ಏಕೆ ಎಂಬುದು ಮುಂದಿನ ಮಾತಿನಲ್ಲಿದೆ.

ಈ ಕಿಟ್‌ಗೆ ದಿಕ್ಕು ಗೊತ್ತಿಲ್ಲ ಎಂದೆವಲ್ಲ. ಗೆರೆ ಏರಿತು ಎಂದರೆ ಸೂರ್ಯನೇ ಎಂದು ಹೇಳುವುದು ಹೇಗೆ? ಮೊದಲ ತಲೆಮಾರಿನವರಿಗೂ ಇದೇ ಕಷ್ಟವಿತ್ತು, ಅವರು ಅದನ್ನು ಬಗೆಹರಿಸಿದ ರೀತಿ ಅದ್ಭುತ. ಸಿಡ್ನಿಯ ಡೋವರ್ ಹೈಟ್ಸ್‌ನಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಮೆಕ್‌ಕ್ರೆಡಿ, ಪಾಸೀ, ರೂಬಿ ಪೇನ್-ಸ್ಕಾಟ್ 1946ರಲ್ಲಿ ಕಡಲ ದಂಡೆಯ ಬಂಡೆಯ ಮೇಲಿನ 200 ಮೆಗಾಹರ್ಟ್ಸ್ ರೇಡಾರ್ ಆಂಟೆನಾವನ್ನೇ ಬಳಸಿದರು. ಸೂರ್ಯ ಮೂಡುವಾಗ ನೇರ ಬಂದ ಅಲೆಯೂ ನೀರಿನಿಂದ ಪ್ರತಿಫಲಿಸಿದ ಅಲೆಯೂ ಕೂಡಿ ಗೆರೆಯಲ್ಲಿ ಏರಿಳಿತದ ಪಟ್ಟೆಗಳು ಬಂದವು. ಅವುಗಳಿಂದ ಗದ್ದಲ ಹುಟ್ಟುವ ಜಾಗ ಇಡೀ ಬಿಂಬವಲ್ಲ, ಸೂರ್ಯಕಲೆಗಳ ನೆರೆ ಎಂದು ತೋರಿಸಿದರು. ನಮ್ಮ ಎರಡು ಡೈಪೋಲ್‌ಗಳಿಗೆ ಅದು ಆಗದು. ನಮಗಿರುವ ದಾರಿ ಮೂರು: ಆಕಾರ, ಧ್ವನಿ, ಸಾಕ್ಷಿ.

ಆಕಾರ ಎಂದರೆ ಗೆರೆಯ ರೂಪ. ಹೆಚ್ಚಾಗಿ ಸಿಗುವ, ವಿಜ್ಞಾನಿಗಳು ಮೂರನೇ ಬಗೆ ಎಂದು ಕರೆಯುವ ಸಿಡಿತ ಸರ್ರನೆ ಏರಿ ನಿಧಾನವಾಗಿ ಇಳಿಯುತ್ತದೆ, ಶಾರ್ಕ್ ಮೀನಿನ ಬೆನ್ನಿನ ರೆಕ್ಕೆಯಂತೆ. ಅವಧಿ ಹತ್ತಾರು ಸೆಕೆಂಡು, ಗುಂಪಾಗಿ ಬಂದರೆ ಕೆಲವು ನಿಮಿಷ. ಮಿಂಚಿನದು ಸೂಜಿಯಂತೆ ಏರಿ ಕ್ಷಣದಲ್ಲಿ ಬೀಳುತ್ತದೆ. ಮೋಟಾರು, ಇನ್ವರ್ಟರು ಚಾಲೂ ಆದದ್ದು ಚೌಕಾಕಾರದ ಮೆಟ್ಟಿಲಿನಂತೆ. ಧ್ವನಿಯೂ ಹೀಗೆಯೇ ಬೇರೆ: ಮಿಂಚು ಚಟಪಟ, ಯಂತ್ರ ಗುಂಯ್, ಪ್ರಸಾರ ಕೇಂದ್ರ ಸಿಳ್ಳೆ, ಸೂರ್ಯ ಮಾತ್ರ ಸ್ವರವೇ ಇಲ್ಲದ ಉಸಿರು. ಟ್ಯೂನಿಂಗನ್ನು 50 ಕಿಲೋಹರ್ಟ್ಸ್ ಸರಿಸಿದರೂ ಅದೇ ಜೋರಿನಲ್ಲಿ ಕೇಳಿದರೆ ಅನುಮಾನ ಅರ್ಧ ಕಳೆಯಿತು. ಇದಕ್ಕಾಗಿಯೇ ಗೆರೆಯ ಜೊತೆ ಧ್ವನಿಯನ್ನೂ ಉಳಿಸಿಡಿ, ಗೆರೆ ಒಂದೇ ಸಾಲದು.

ಸಾಕ್ಷಿಯೇ ಕೊನೆಯ ಮಾತು. ಸೂರ್ಯನ ರೇಡಿಯೊ ಸದ್ದನ್ನು ದಾಖಲಿಸುವ ಇ-ಕ್ಯಾಲಿಸ್ಟೊ ಜಾಲದ ಕೇಂದ್ರಗಳು ಜಗತ್ತಿನಾದ್ಯಂತ ಹರಡಿವೆ, ಅವುಗಳ ರೋಹಿತಚಿತ್ರಗಳು (ಯಾವ ಹೊತ್ತಿಗೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದು ಎಂದು ತೋರುವ ಚಿತ್ರಗಳು) ಎಲ್ಲರಿಗೂ ತೆರೆದಿವೆ. ನಿಮ್ಮ ಸಿಡಿತ ಸೂರ್ಯನದಾದರೆ 45 ಮೆಗಾಹರ್ಟ್ಸ್‌ಗಿಂತ ಮೇಲಿನ ಅವರ ಚಿತ್ರದಲ್ಲಿ ಸಾಮಾನ್ಯವಾಗಿ ಕೆಲವು ಸೆಕೆಂಡು ಮುಂಚೆ ಅದರ ಗುರುತು ಕಾಣುತ್ತದೆ. ಮುಂಚೆ ಏಕೆ? ಕರೋನಾದಲ್ಲಿ ಮೇಲೆ ಹೋದಂತೆ ಎಲೆಕ್ಟ್ರಾನ್‌ಗಳು ವಿರಳ, ವಿರಳವಾದಷ್ಟೂ ಅಲ್ಲಿನ ಪ್ಲಾಸ್ಮಾ (ಬಿಡಿ ಎಲೆಕ್ಟ್ರಾನ್‌ಗಳಿರುವ ಬಿಸಿ ಅನಿಲ) ಕಂಪಿಸುವ ಫ್ರೀಕ್ವೆನ್ಸಿ ತಗ್ಗು, ಅಲ್ಲಿಂದ ಹೊರಡುವ ಸದ್ದಿನದೂ ತಗ್ಗು. 20.1 ಮೆಗಾಹರ್ಟ್ಸ್‌ಗೆ ಬೇಕಾದ್ದು ಘನ ಸೆಂಟಿಮೀಟರಿಗೆ ಸುಮಾರು 50 ಲಕ್ಷ ಎಲೆಕ್ಟ್ರಾನ್. ಬೆಳಕಿನ ವೇಗದ ಮೂರನೇ ಒಂದರಷ್ಟು ವೇಗದಲ್ಲಿ ಮೇಲೇರುವ ಕಟ್ಟು ಮೊದಲು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಸದ್ದು ಮಾಡಿ, ಮೇಲೆ ಬಂದ ಮೇಲೆ ನಮ್ಮ 20.1ರಲ್ಲಿ ಕೂಗುತ್ತದೆ. ಇದನ್ನು ಮೊದಲು ಬಿಡಿಸಿ ನೋಡಿದ್ದು ಪಾಲ್ ವೈಲ್ಡ್ ತಂಡ, 1949ರಲ್ಲಿ ಆಸ್ಟ್ರೇಲಿಯಾದ ಪೆನ್ರಿತ್‌ನಲ್ಲಿ 70ರಿಂದ 130 ಮೆಗಾಹರ್ಟ್ಸ್‌ವರೆಗೆ ಗುಡಿಸಿ ನೋಡುವ ಉಪಕರಣದಿಂದ. ಒಂದನೇ, ಎರಡನೇ, ಮೂರನೇ ಬಗೆ ಎಂಬ ಹೆಸರುಗಳು ಬಂದದ್ದು ಅಲ್ಲಿಂದ. ಒಂದೇ ಫ್ರೀಕ್ವೆನ್ಸಿಯ ಆರ್‌ಜೆ 1.1ಗೆ ಈ ಜಾರುವಿಕೆ ಕಾಣದು. ಆದರೆ ಗಡಿಯಾರ ಸರಿಯಿದ್ದರೆ ಬೇರೆಯವರ ಚಿತ್ರದ ಪಕ್ಕದಲ್ಲಿ ನಿಮ್ಮ ಗೆರೆಯನ್ನಿಟ್ಟು ಆ ಪಯಣದ ಕೊನೆಯ ನಿಲ್ದಾಣವನ್ನು ನೀವೇ ಗುರುತಿಸಬಹುದು. ಈ ಕಿಟ್ ಕೊಡುವ ಅತಿ ಸೊಗಸಾದ ಕ್ಷಣ ಇದು.

ಇನ್ನೊಂದು ಕೊಡುಗೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಸೂರ್ಯನಲ್ಲಿ ಬಲವಾದ ಜ್ವಾಲೆ ಎದ್ದಾಗ ಅದರ ಕ್ಷಕಿರಣ ನಮ್ಮ ಅಯಾನುಗೋಳದ ಕೆಳಪದರವನ್ನು ದಟ್ಟ ಮಾಡುತ್ತದೆ, ಆಕಾಶಗಂಗೆಯ ಗದ್ದಲ ಅದರೊಳಗೆ ಇಂಗಿಹೋಗುತ್ತದೆ. ಗೆರೆ ಏರುವ ಬದಲು ತಟ್ಟನೆ ಕುಸಿದು, ಹತ್ತಾರು ನಿಮಿಷದಲ್ಲಿ ನಿಧಾನವಾಗಿ ಮೇಲೆ ಬರುತ್ತದೆ. ಕೇಬಲ್ ಕಳಚಿತೇ ಎಂದು ಓಡುವ ಮೊದಲು ಅಮೆರಿಕದ ಗೋಸ್ ಹವಾಮಾನ ಉಪಗ್ರಹದ ಕ್ಷಕಿರಣ ಗ್ರಾಫ್ ನೋಡಿ. ಅತಿ ಬಲದ ಎಕ್ಸ್ ದರ್ಜೆಯ ಜ್ವಾಲೆಯಿದ್ದರೆ ನಿಮ್ಮ ತಂತಿ ಸೂರ್ಯನನ್ನು ಕಂಡಿದೆ ಎಂದೇ ಅರ್ಥ.

ಶಾಂತ ಸೂರ್ಯನೇ ಬೇಕು ಎನ್ನುವವರಿಗೆ ಈ ಕಿಟ್ ಬೇಡ. ಅವರಿಗೆ 60 ಸೆಂಟಿಮೀಟರಿನ ಟಿವಿ ಡಿಶ್, ಎಲ್‌ಎನ್‌ಬಿ (ಡಿಶ್ ಮುಂದೆ ಸಂಕೇತ ಹಿಡಿಯುವ ಭಾಗ) ಮತ್ತು ಸ್ಯಾಟಲೈಟ್ ಫೈಂಡರ್ (ಸಂಕೇತದ ಬಲ ತೋರುವ ಮೀಟರ್) ಸಾಕು. 11 ಗಿಗಾಹರ್ಟ್ಸ್‌ನಲ್ಲಿ ಅದರ ನೋಟ ಸುಮಾರು 3 ಡಿಗ್ರಿ, ಅಷ್ಟು ಕಿರಿದರಲ್ಲಿ ಸೂರ್ಯ ಆಂಟೆನಾವನ್ನು ನೂರಾರು ಕೆಲ್ವಿನ್ ಏರಿಸುತ್ತಾನೆ. ಡಿಶ್ ಅಲುಗಿಸದೆ ಬಿಟ್ಟರೆ ಸುಮಾರು 13 ನಿಮಿಷದಲ್ಲಿ ಸೂರ್ಯ ನೋಟವನ್ನು ದಾಟುತ್ತಾ ಗೆರೆಯಲ್ಲಿ ಒಂದು ಸುಂದರ ಗುಡ್ಡ ಮೂಡುತ್ತದೆ. ಗುರಿ ಹಿಡಿಯುವಾಗ ಸೂರ್ಯನ ಕಡೆ ನೋಡಲೇಬೇಡಿ, ಎಲ್‌ಎನ್‌ಬಿಯ ನೆರಳು ಡಿಶ್ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಿ ಹೊಂದಿಸಿ. ಡಿಶ್ ಮೈ ಹೊಳಪಾಗಿದ್ದರೆ ಬೆಳಕೂ ಒಟ್ಟಾಗಿ ಎಲ್‌ಎನ್‌ಬಿಯ ಪ್ಲಾಸ್ಟಿಕ್ ಕರಗಿಸೀತು, ಮಂಕು ಬಣ್ಣ ಬಳಿದಿರಬೇಕು. ಕೆನಡಾದ ಆರ್ಥರ್ ಕೋವಿಂಗ್‌ಟನ್ ಯುದ್ಧ ಮುಗಿದ ಮೇಲೆ ಉಳಿದ ರೇಡಾರ್ ಭಾಗಗಳಿಂದ ಕಟ್ಟಿದ ನಾಲ್ಕು ಅಡಿ ಡಿಶ್ ಮಾಡಿದ್ದೂ ಇದೇ ಕೆಲಸವನ್ನು. 1946ರ ನವೆಂಬರ್ 23ರ ಪಾರ್ಶ್ವ ಗ್ರಹಣದಲ್ಲಿ ಚಂದ್ರ ಕಲೆಗಳ ಗುಂಪನ್ನು ಮುಚ್ಚಿದಾಗ 10.7 ಸೆಂಟಿಮೀಟರಿನ ಸದ್ದು ಕುಸಿದದ್ದನ್ನು ಅವನು ಕಂಡ. 1947ರಿಂದ ಶುರುವಾದ ಆ ದಿನನಿತ್ಯದ ಅಳತೆ ಇವತ್ತಿಗೂ ನಡೆದಿದೆ. ಡಿಶ್ ಮತ್ತು ಡೈಪೋಲ್ ಒಂದಕ್ಕೊಂದು ಬದಲಿಯಲ್ಲ: ಡಿಶ್ ಬಿಂಬದ ಬಿಸಿಯನ್ನು ಅಳೆಯುತ್ತದೆ, ಡೈಪೋಲ್ ಕರೋನಾದಲ್ಲಿ ನಡೆಯುವ ಘಟನೆಯನ್ನು.

ಯೋಜನೆಯ ಎರಡನೇ ತಲೆಮಾರಿನ ಕಿಟ್ 2.0ರಲ್ಲಿ ಕೈಯಿಂದ ಕಟ್ಟುವ ರಿಸೀವರಿನ ಜಾಗಕ್ಕೆ ಎಸ್‌ಡಿಆರ್‌ಪ್ಲೇ ಕಂಪನಿಯ ತಂತ್ರಾಂಶ ಆಧಾರಿತ ರಿಸೀವರ್ ಬಂದಿದೆ. 16ರಿಂದ 24 ಮೆಗಾಹರ್ಟ್ಸ್‌ವರೆಗಿನ ಇಡೀ ಪಟ್ಟಿ ಬಣ್ಣದ ಚಿತ್ರವಾಗಿ ಕಾಣುತ್ತದೆ, ಸಿಡಿತ ಜಾರುವುದೂ ಕಾಣುತ್ತದೆ, ಪ್ರಸಾರ ಕೇಂದ್ರಗಳು ಅಡ್ಡ ಗೆರೆಗಳಾಗಿ ಬೇರೆಯೇ ನಿಲ್ಲುತ್ತವೆ. ಅಳತೆಯೇ ಗುರಿಯಾದರೆ 2.0 ಮೇಲು, ಅದರಲ್ಲಿ ಎರಡು ಮಾತಿಲ್ಲ. ಗದ್ದಲ ಎಲ್ಲಿಂದ ಹುಟ್ಟುತ್ತದೆ, ಮಿಕ್ಸರ್ ಏನು ಮಾಡುತ್ತದೆ, ಒಂದು ಗೆರೆಯಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂದು ಕಲಿಯಬೇಕಾದರೆ ಆರ್‌ಜೆ 1.1 ಮೇಲು. ಹಳೆಯ ಕಿಟ್ ಯಾರಾದರೂ ಬಿಟ್ಟುಕೊಡುವಾಗ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಅದರ ಸರ್ಕ್ಯೂಟ್ ನಕ್ಷೆ ಕೈಪಿಡಿಯಲ್ಲೇ ಇದೆ. ಕಟ್ಟಿದ ರಿಸೀವರನ್ನು ಕೊಳ್ಳುವಾಗ ಮುಚ್ಚಳ ತೆಗೆಸಿ ಬೆಸುಗೆಗಳನ್ನು ನೋಡಿ, 75 ಓಮ್ ರೆಸಿಸ್ಟರ್ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿಸಿ. ಮುಂದೆ 2.0ಗೆ ಹೋದರೂ ಎರಡು ಡೈಪೋಲ್, ಕಂಬ, ಕೇಬಲ್, ಕಂಬೈನರ್ ಎಲ್ಲವೂ ಹಾಗೇ ಕೆಲಸಕ್ಕೆ ಬರುತ್ತವೆ. ಡೈಪೋಲ್ 20.1ಕ್ಕೆ ಕತ್ತರಿಸಿದ್ದಾದ್ದರಿಂದ ಪಟ್ಟಿಯ ಎರಡೂ ಅಂಚುಗಳಲ್ಲಿ ಚಿತ್ರ ಮಂಕಾಗುತ್ತದೆ, ಅದನ್ನು ಸೂರ್ಯನ ಗುಣ ಎಂದು ಓದಬೇಡಿ.